ಓದಿ ಹೇಳುವವಳು

ಬ್ರಿಜ್‌ವ್ಯೂ, ಇಲಿನಾಯ್
14 ಅಕ್ಟೋಬರ್ 1984

ಪ್ರೀತಿಯ ಯಮ್ಮಾ,

ನಿನ್ನ ಕೈಗೂ ಹಣೆಗೂ ನನ್ನ ಮುತ್ತು. ಖಿತಾಮ್, ಓದಲು ಶುರು ಮಾಡುವ ಮೊದಲು ಯಮ್ಮನನ್ನು ಬಿಸಿಲಿಗೆ ಕೂರಿಸು. ನೆರಳಲ್ಲಿ ಕೂತರೆ ಅರ್ಧಕ್ಕೇ ತೂಕಡಿಸುತ್ತಾಳೆ, ಆಮೇಲೆ ಮಗಳು ಏನೂ ಬರೆದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾಳೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫವ್ವಾಜ್ ಬೆಳಿಗ್ಗೆ ಏಳಕ್ಕೆ ಅಂಗಡಿ ತೆರೆಯುತ್ತಾರೆ. ಅಂಗಡಿಯ ಕಾಗದಗಳನ್ನು ಈಗಲೂ ನಾನೇ ಓದಿ, ಅವರು ರುಜು ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿಕೊಡುತ್ತೇನೆ. ಸಮರ್‌ಗೆ ಹದಿನಾಲ್ಕಾಯಿತು, ದೊಡ್ಡ ಮಗಳು ಈಗ ನನಗಿಂತ ಎತ್ತರ. ರುಬಾ, ಹನಾನ್ ತಮ್ಮ ತಮ್ಮಲ್ಲೇ ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ. ಕಿಫಾಯಾಗೆ ಎರಡು ತುಂಬಿತು. 'ಸಾಕು' ಎಂದೇ ಹೆಸರಿಟ್ಟರೆ ದೇವರಿಗೆ ಅರ್ಥವಾಗುತ್ತದೆ ಎಂದು ನಮ್ಮತ್ತೆ ಹೇಳಿ ಇಡಿಸಿದ ಹೆಸರು. ಶಾಲೆಯಲ್ಲಿ ಯಾರಾದರೂ ಅದರ ಅರ್ಥ ಕೇಳಿದರೆ ಅವಳು ಏನು ಹೇಳಬೇಕೆಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ. ಖಿತಾಮ್, ನೀನು ಬೇಸರ ಮಾಡಿಕೊಳ್ಳಬೇಡ. ನಿನಗೂ ನಿನ್ನಪ್ಪ, ಯಾಕೂಬ್ ಮಾವ, 'ಮುಗಿಯಿತು' ಎಂದೇ ಹೆಸರಿಟ್ಟರು, ಆಮೇಲೆ ಇನ್ನಿಬ್ಬರು ಹುಡುಗಿಯರು ಹುಟ್ಟಿ ಮಾವನ ಹತ್ತಿರ ಹೆಸರುಗಳೇ ಮುಗಿದುಹೋದವು.

ಇಲ್ಲಿ ನಮ್ಮೂರ ಹೆಂಗಸರೆಲ್ಲ ನನ್ನನ್ನು ಈಗಲೂ ಉಮ್ಮ್ ದಿಯಾಬ್ ಎಂದೇ ಕರೆಯುತ್ತಾರೆ. ದಿಯಾಬನ ತಾಯಿ! ಮಾವನವರ ಹೆಸರು ಮೊಮ್ಮಗನಿಗೆ ಬರಬೇಕಲ್ಲ. ಹುಟ್ಟದ ಮಗನ ಹೆಸರಿಗೆ ಹದಿನೈದು ವರ್ಷದಿಂದ ಓಗೊಡುತ್ತಿದ್ದೇನೆ.

ಈ ಹಾಳೆ ಇಷ್ಟೇ. ಖಿತಾಮ್, ಎರಡನೆಯ ಹಾಳೆಯನ್ನು ಮನೆಯಲ್ಲಿ ಯಾರೂ ಇಲ್ಲದಾಗ ಯಮ್ಮನ ಕಿವಿಯಲ್ಲಿ ಓದು. ಓದಿದ ಕೂಡಲೇ ರೊಟ್ಟಿಯ ಒಲೆಗೆ ಹಾಕು.

ಯಮ್ಮಾ, ಕಿಫಾಯಾ ಹುಟ್ಟಿದ ದಿನ ರಕ್ತ ನಿಲ್ಲಲಿಲ್ಲ. ನನ್ನ ಜೀವ ಉಳಿಸಲು ಡಾಕ್ಟರು ಗರ್ಭಕೋಶವನ್ನೇ ತೆಗೆದುಬಿಟ್ಟರು. ಫವ್ವಾಜ್ ಅಂಗಡಿಯಿಂದ ಓಡಿಬಂದರು. ಡಾಕ್ಟರು ಅವರ ಎದುರೇ ನಿಂತು ಎಲ್ಲವನ್ನೂ ನಿಧಾನವಾಗಿ, ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಇವರು ನನ್ನ ಬಾಯಿ ನೋಡುತ್ತಿದ್ದರು. "ಏನಂತೆ?" ಎಂದರು. "ಕೆಲವು ವರ್ಷ ಸುಧಾರಿಸ್ಕೋಬೇಕಂತೆ" ಎಂದೆ. ಅದು ಸುಳ್ಳೋ, ಮುಂದಕ್ಕೆ ಹಾಕಿದ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಎರಡು ವರ್ಷದಿಂದ ಕಾಯುತ್ತಿದ್ದಾರೆ. ಹೇಳಿಬಿಡಲೇ? ನೀನು ಒಂದು ಮಾತು ಹೇಳು, ಹಾಗೆ ಮಾಡುತ್ತೇನೆ.

ನಿನ್ನ ಮಗಳು,
ವಿದಾದ್

* * *

ಐನ್ ಹಜಲ್
2 ಡಿಸೆಂಬರ್ 1984

ಮಗಳು ವಿದಾದಳಿಗೆ ತಾಯಿ ಫಿದ್ದಾ ಹೇಳಿ ಬರೆಸಿದ್ದು. ಬರೆದವಳು ಖಿತಾಮ್.

ಆಲಿವ್ ಕೊಯ್ಲು ಮುಗಿಯಿತು. ಎಣ್ಣೆ ಹೋದ ವರ್ಷದಷ್ಟು ಬರಲಿಲ್ಲ. (ಫಿದ್ದಾ ಅತ್ತೆ ಹೇಳುತ್ತಾರೆ: "ಹಂಗೆ ಬರೀಬೇಡ ಕಣೇ, ಅಳಿಯ ಕೇಳಿಸ್ಕೊಂಡ್ರೆ ಬಡವರಾಗ್ಬಿಟ್ರು ಅನ್ಕೋತಾನೆ. ಡಬ್ಬ ಸಾಲ್ದಷ್ಟು ಎಣ್ಣೆ ಬಂತು ಅಂತ ಬರಿ." ಆದ್ದರಿಂದ: ಡಬ್ಬ ಸಾಲದಷ್ಟು ಎಣ್ಣೆ ಬಂತು.)

ನಿನ್ನ ಅತ್ತೆ ಬಾವಿಯ ಹತ್ತಿರ ಸಿಕ್ಕಿದ್ದರಂತೆ. ಈ ಮಾತನ್ನು ಇದ್ದ ಹಾಗೇ ಬರೆಯಬೇಕೆಂದು ಅಪ್ಪಣೆಯಾಗಿದೆ: "'ನಿಮ್ಮ ಮಗಳು ಅಮೆರಿಕದಲ್ಲಿ ಹುಡುಗೀರ ಸ್ಕೂಲ್ ತೆಗೆದವ್ಳಂತಲ್ಲ' ಅಂದ್ಲು. ನಾನು ಬಿಡ್ತೀನಾ? 'ಹೂಂ ಕಣಮ್ಮ, ನಿನ್ನ ಮಗನೇ ಹೆಡ್‌ಮಾಸ್ಟರು' ಅಂದೆ. ಕೊಡ ತುಂಬೋ ಮೊದ್ಲೇ ಎತ್ಕೊಂಡು ಹೋದ್ಲು."

ಎರಡನೆಯ ಹಾಳೆಯ ವಿಷಯ. ಓದಿದೆ, ಒಲೆಗೂ ಹಾಕಿದೆ. ಅತ್ತೆ ಕಡ್ಡಿಯಿಂದ ಅದರ ಬೂದಿ ಕೆದಕಿದರು. ಆಮೇಲೆ ಹೇಳಿದ್ದು ಇದು: ಮಗಳೇ, ಗರ್ಭ ಅಂದರೆ ಮನೆಯಲ್ಲಿ ಒಂದು ಕೋಣೆ, ಅಷ್ಟೇ. ಒಂದು ಕೋಣೆಯ ಬಾಗಿಲು ಹಾಕಿದ ಮಾತ್ರಕ್ಕೆ ಮನೆ ಬೀಳುವುದಿಲ್ಲ. ಮನೆ ನೀನು. ಯಾರಿಗೂ ಹೇಳಬೇಡ. ಇದ್ದಷ್ಟು ಕೋಣೆಗಳಲ್ಲಿ ದೀಪ ಹಚ್ಚಿಕೊಂಡು ಇರು.

ತಾಯಿ,
ಫಿದ್ದಾ

* * *

ಬ್ರಿಜ್‌ವ್ಯೂ
17 ಫೆಬ್ರವರಿ 1985

ಪ್ರೀತಿಯ ಯಮ್ಮಾ,

ನಿನ್ನ ಮಾತು ಓದಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅದು ದುಃಖದ ಅಳುವಲ್ಲ. ನನ್ನ ಕಡೆಗೆ ಒಬ್ಬರಿದ್ದಾರೆ ಎಂದು ಗೊತ್ತಾದಾಗ ಬರುವ ಅಳು. ನೀನು ನನ್ನನ್ನು ಬೈಯುತ್ತೀ ಎಂದುಕೊಂಡಿದ್ದೆ. ಇಷ್ಟು ವರ್ಷ ನಿನ್ನನ್ನು ಒರಟು ಹೆಂಗಸೆಂದು ತಿಳಿದಿದ್ದಕ್ಕೆ ನನ್ನನ್ನು ಕ್ಷಮಿಸು. ಆ ಹಾಳೆ ನನ್ನ ದಿಂಬಿನ ಚೀಲದೊಳಗಿದೆ.

ಭಾನುವಾರ ನಮ್ಮೂರವರ ಸಂಘದ ಹಾಲ್‌ನಲ್ಲಿ ಮದುವೆಮನೆಯ ಮಫ್ತೂಲ್‌ಗೆ ಗೋಧಿ ಹಿಟ್ಟಿನ ಕಾಳು ಹೊಸೆಯುತ್ತ ಕೂತಿದ್ದೆವು. ಉಮ್ಮ್ ಬಸ್ಸಾಮ್ ಕೇಳಿದಳು, "ಏನಮ್ಮ ಉಮ್ಮ್ ದಿಯಾಬ್, ನಿಮ್ಮ ದಿಯಾಬ್ ಇನ್ನೂ ವೀಸಾ ಕ್ಯೂನಲ್ಲೇ ನಿಂತಿದಾನಾ?" ಎಲ್ಲರೂ ನಕ್ಕರು. "ಫೋಟೋ ಸರಿ ಇಲ್ಲ ಅಂತ ವಾಪಸ್ ಕಳಿಸಿದಾರೆ ಕಣೇ" ಎಂದು ನಾನೂ ನಕ್ಕೆ. ಮೊದಲಾಗಿದ್ದರೆ ಮನೆಗೆ ಬಂದು ಎರಡು ದಿನ ಮಾತಾಡುತ್ತಿರಲಿಲ್ಲ.

ಫವ್ವಾಜ್ ಜುಲೈಯಲ್ಲಿ ಊರಿಗೆ ಬರುತ್ತಿದ್ದಾರೆ, ಅವರ ತಾಯಿಯ ಮಂಡಿ ನೋವಿಗೆ. ಈ ಹೆಂಗಸರಿಗೆ ಅದೂ ಗೊತ್ತು. "ಒಬ್ಬರನ್ನೇ ಕಳಿಸ್ತೀಯಾ? ಒಂಟಿಯಾಗಿ ಹೋದ ಗಂಡಸರು ಬರೋವಾಗ ಜೊತೆ ತರ್ತಾರೆ, ಜೋಕೆ." ನಾನು ನಗುತ್ತಲೇ ಇದ್ದೆ. ಅವರಿಗೆ ಚೆನ್ನಾಗಿ ಉಪಚಾರ ಮಾಡು. ನಿನಗೆ ಕೋಟಿನ ಬಟ್ಟೆ, ಖಿತಾಮ್‌ಗೆ ಕಸೂತಿಯ ದಾರ ಮತ್ತು ಒಂದು ಜೊತೆ ಬೂಟು ಕಳುಹಿಸುತ್ತೇನೆ. ಹೆಚ್ಚು ಹಾಕಿದ್ದಲ್ಲ.

ಖಿತಾಮಳ ವಿಷಯ. ಹೆಬ್ರಾನಿನ ವಿಧುರನೊಬ್ಬ ಕೇಳಿ ಕಳುಹಿಸಿದ್ದಾನೆಂದು ಊರಿಂದ ಬಂದವರು ಹೇಳಿದರು. ಐದು ಮಕ್ಕಳಿದ್ದರೇನು, ಒಂದು ಕಣ್ಣು ಮಸುಕಾದರೇನು? ಇಪ್ಪತ್ತೊಂಬತ್ತಕ್ಕೆ ಇನ್ನು ಯಾರು ಬರುತ್ತಾರೆ? ಯಾಕೂಬ್ ಮಾವನಿಗೆ ನೀನೇ ಹೇಳಿ ಒಪ್ಪಿಸು. ಪಾಪ, ಅವಳಿಗೂ ಒಂದು ಮನೆ ಅಂತ ಆಗಲಿ.

ನಿನ್ನ ಮಗಳು,
ವಿದಾದ್

* * *

ಐನ್ ಹಜಲ್
28 ಜುಲೈ 1985

ವಿದಾದಳಿಗೆ ತಾಯಿ ಹೇಳಿ ಬರೆಸಿದ್ದು.

ಅಳಿಯ ಬಂದ. ಕುರಿ ಕಡಿಸಿದೆ. ಇಡೀ ಓಣಿ ಉಂಡಿತು. ನಿನ್ನ ಅತ್ತೆ ಎರಡು ಸಲ ಹಾಕಿಸಿಕೊಂಡು, ಉಪ್ಪು ಕಡಿಮೆ ಅಂದಳು. ನಾನು ಎಲ್ಲರ ಎದುರು ಎರಡೂ ಕೈ ಎತ್ತಿ, ದೇವರೇ, ಬರುವ ವರ್ಷ ಇವನ ಮಡಿಲಿಗೆ ದಿಯಾಬ್ ಬರಲಿ ಎಂದು ಬೇಡಿಕೊಂಡೆ. ಹೆಂಗಸರೆಲ್ಲ ಆಮೀನ್ ಅಂದರು. ಕೋಟಿನ ಬಟ್ಟೆ ಚೆನ್ನಾಗಿದೆ, ಬಣ್ಣ ವಿಧವೆಯದ್ದು.

ಖಿತಾಮ್ ವಿಧುರನನ್ನು ಬೇಡ ಅಂದಳು. ಅವಳ ಹಣೆಬರಹ.

ತಾಯಿ,
ಫಿದ್ದಾ

ಬರೆದವಳ ಟಿಪ್ಪಣಿ: ವಿದಾದ್ ಅಕ್ಕ, ದಾರ ಸಿಕ್ಕಿತು. ಬೂಟು ಒಂದು ಬೆರಳು ದೊಡ್ಡದು. ಭೂಮಿಯ ಕಾಗದಗಳನ್ನು ಓದಿ ಹೇಳಲು ಯಾರೂ ಇಲ್ಲವೆಂದು ಭಾವ ನನ್ನನ್ನು ಕರೆಸಿದ್ದರು. ಮೂರು ಮಧ್ಯಾಹ್ನ ಓದಿದೆ. ಮುಂದಿನ ತಿಂಗಳು ನಾನು ಅಮ್ಮಾನಿನಲ್ಲಿರುವ ಅಕ್ಕನ ಮನೆಗೆ ಹೋಗುತ್ತೇನೆ. ಕೆಲವು ದಿನ ಕಾಗದ ಬರದಿದ್ದರೆ ಗಾಬರಿಯಾಗಬೇಡ.

* * *

ಬ್ರಿಜ್‌ವ್ಯೂ
20 ಅಕ್ಟೋಬರ್ 1985

ಯಮ್ಮಾ,

ಇದನ್ನು ಯಾರು ಓದಿ ಹೇಳುತ್ತಿದ್ದಾರೋ ಅವರು ದಯವಿಟ್ಟು ನಿಧಾನವಾಗಿ ಓದಲಿ.

ಫವ್ವಾಜ್ ವಾಪಸ್ ಬಂದು ಐದು ವಾರವಾಯಿತು. ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ, ಮಕ್ಕಳ ತಲೆ ಸವರುತ್ತಾರೆ. ನನ್ನ ಹತ್ತಿರ ಮಾತಿಲ್ಲ. ಮೊನ್ನೆ ಬೆಳಿಗ್ಗೆ ರೊಟ್ಟಿಯ ಜೊತೆ ಎಣ್ಣೆ, ಜಾತರ್ ಪುಡಿ ಮುಂದಿಟ್ಟೆ. ರೊಟ್ಟಿ ಮುರಿಯುತ್ತ ತಲೆ ಎತ್ತದೆ ಹೇಳಿದರು, "ಬಾಗಿಲು ಹಾಕಿದ ಕೋಣೆ ಮುಂದೆ ನಾನು ಇನ್ನೆಷ್ಟು ವರ್ಷ ಕಾಯ್ತಾ ನಿಂತಿರ್ಬೇಕು, ವಿದಾದ್?"

ಅದು ನಿನ್ನ ಮಾತು. ನೀನು ನನಗೆ ಬರೆಸಿದ ಮಾತು. ಅದು ಇದ್ದದ್ದು ಎರಡೇ ಕಡೆ, ನನ್ನ ದಿಂಬಿನ ಚೀಲದಲ್ಲಿ ಮತ್ತು ನಿನ್ನ ಬಾಯಲ್ಲಿ. ದಿಂಬು ಮಾತಾಡುವುದಿಲ್ಲ.

ಯಮ್ಮಾ, ನೀನೇ ಹೇಳಿದೆಯಾ? ನನ್ನ ಗರ್ಭಕೋಶ ತೆಗೆದಿದ್ದಾರೆ, ಇನ್ನು ನನಗೆ ಮಕ್ಕಳಾಗುವುದಿಲ್ಲ ಎಂದು ನಾನು ನಿನಗೊಬ್ಬಳಿಗೇ ಬರೆದದ್ದು. ಗಂಡನಿಗೆ ಹೇಳದ್ದನ್ನು, ದೇವರಿಗೂ ಗಟ್ಟಿಯಾಗಿ ಹೇಳದ್ದನ್ನು ನಿನಗೆ ಬರೆದೆ. ಅಳಿಯನಿಗೆ ಕುರಿ ಕಡಿದ ಖುಷಿಯಲ್ಲಿ ಅದೂ ಬಾಯಿಂದ ಜಾರಿತೇ? ಅಥವಾ ನನ್ನ ಒಳ್ಳೆಯದಕ್ಕೆಂದು ಹೇಳಿದೆಯಾ? ಯಾವುದೆಂದು ಬರೆಸು. ಯಾವುದಾದರೂ ತಡೆದುಕೊಳ್ಳುತ್ತೇನೆ.

ವಿದಾದ್

* * *

ಐನ್ ಹಜಲ್
8 ಡಿಸೆಂಬರ್ 1985

ಶ್ರೀಮತಿ ವಿದಾದ್ ಅವರಿಗೆ,

ನಾನು ನಮ್ಮೂರ ದವಾಖಾನೆಯ ನರ್ಸ್ ನಜ್ಮಿಯ್ಯಾ. ನಿಮ್ಮ ತಾಯಿ ಮೂರು ಸಲ ಬಂದು ಕೇಳಿಕೊಂಡಿದ್ದರಿಂದ ಬರೆಯುತ್ತಿದ್ದೇನೆ. ಸೇರಿಸುವುದು, ಬಿಡುವುದು ನನಗೆ ಬರುವುದಿಲ್ಲ. ಅವರು ಹೇಳಿದಂತೆಯೇ ಇದೆ.

"ಯಾವ ಕೋಣೆ? ಯಾವ ಬಾಗಿಲು? ಎರಡನೇ ಹಾಳೆ ಅಂತ ಒಂದಿತ್ತು ಅಂತ್ಲೇ ನಂಗೆ ಗೊತ್ತಿಲ್ಲ. ಎಣ್ಣೆ ವಿಷಯ ಬರೆಸ್ದೆ, ನಿನ್ನತ್ತೆ ವಿಷಯ ಬರೆಸ್ದೆ, ಮುಗೀತು. ಕೋಣೆ, ದೀಪ ಅಂತೆಲ್ಲ ಚಂದದ ಮಾತು ಆಡೋಕೆ ನಾನೇನು ಮದುವೆಮನೆ ಹಾಡುಗಾರ್ತೀನಾ? ಅದೆಲ್ಲ ಬರೆದ ಆ ಮುಂಡೇದೇ.

"ಖಿತಾಮ್ ಅಮ್ಮಾನಿಂದ ಬಂದ್ಲು, ಎರಡೂ ಕೈ ತುಂಬ ಬಳೆ. ನಿನ್ನ ಗಂಡ ಅಮೆರಿಕಕ್ಕೆ ಹೋಗೋ ದಾರಿಯಲ್ಲಿ ಅಲ್ಲೇ ಅವಳನ್ನ ಮದ್ವೆಯಾಗಿ, ಮೂರು ವಾರ ಇದ್ದು ಹೋದ. ಅವಳಪ್ಪ, ನನ್ನ ಒಡಹುಟ್ಟಿದ ತಮ್ಮ, ಮುಂದೆ ಕೂತು ನಿಕಾಹ್ ಕಾಗದ ಬರೆಸಿಕೊಟ್ಟ. ನಿಂಗೆ ತಿಳಿಸೋಣ ಅಂದ್ರೆ, ಬರೆಯೋಳೇ ಸವತಿಯಾದ್ರೆ ಯಾರ ಕೈಲಿ ಬರೆಸ್ಲಿ?

"ಎರಡು ತಿಂಗಳಿಂದ ನಾನು ತಮ್ಮನ ಮುಖ ನೋಡಿಲ್ಲ. ಅವನ ಬಾಗಿಲ ಮುಂದೆ ನಿಂತು, 'ನನ್ನ ಮಗಳಿಗೆ ಏನು ಕಮ್ಮಿ ಆಗಿದೆ ಅಂತ ಅವಳ ಹಾಸಿಗೆಗೆ ನಿನ್ನ ಮಗಳನ್ನ ತಳ್ದೆ?' ಅಂತ ಕೇಳ್ದೆ. ಅವನು ಬಾಗಿಲು ಮುಚ್ಕೊಂಡ. ಇವತ್ತು ಈ ನರ್ಸಮ್ಮ ನಿನ್ನ ಕಾಗದ ಓದಿದ್ಮೇಲೆ ಏನು ಕಮ್ಮಿ ಅಂತ ನಂಗೂ ಗೊತ್ತಾಯ್ತು. ಅವನಿಗೆ ಮೊದ್ಲೇ ಗೊತ್ತಿತ್ತು. ಅಕ್ಕನ ಮಾನ ಅಂತ ಸುಮ್ನಿದ್ದ.

"ಇಡೀ ಓಣಿ ಮುಂದೆ ಕೈ ಎತ್ತಿ ದಿಯಾಬ್‌ನ ಬೇಡಿದ್ನಲ್ಲ ನಾನು! ಒಣಗಿದ ಬಾವಿಗೆ ಕೊಡ ಇಳಿಸಿ ಕೂತಂಗೆ. ನೀನು ಶಾಯಿ ಬೆರಳಿನ ಹುಡುಗಿಗೆ ಹೇಳ್ದೆ, ಹೆತ್ತವಳಿಗೆ ಹೇಳ್ಲಿಲ್ಲ. ಈಗ ಬಂದು, ನೀನೇ ಹೇಳಿದ್ಯಾ ಅಂತ ನನ್ನನ್ನ ಕೇಳ್ತೀಯ.

"ಗಂಡಸು ತಪ್ಪು ಮಾಡ್ಲಿಲ್ಲ. ನಾಳೆ ನಾನು ತಮ್ಮನ ಮನೆಗೆ ಹೋಗಿ ಅವನ ಹಣೆಗೆ ಮುತ್ತು ಕೊಡ್ತೀನಿ. ಬೇರೆಯವರ ಹುಡುಗಿ ಬಂದು ನಿನ್ನ ಬೀದಿಗೆ ಹಾಕೋದಕ್ಕಿಂತ ನಮ್ಮ ರಕ್ತವೇ ಬರ್ಲಿ. ನಿನ್ನ ಗಂಡ ಏನು ಕಾಗದ ಕೊಡ್ತಾನೋ ಅದಕ್ಕೆ ರುಜು ಹಾಕು."

ಇಲ್ಲಿಗೆ ನಿಲ್ಲಿಸಿದರು. ಕೊನೆಯಲ್ಲಿ ಏನಾದರೂ ಸೇರಿಸಬೇಕೇ ಎಂದು ಕೇಳಿದೆ. ಬೇಡ ಎಂದರು.

ನಜ್ಮಿಯ್ಯಾ

* * *

ಬ್ರಿಜ್‌ವ್ಯೂ
11 ಜನವರಿ 1986

ಖಿತಾಮ್,

ನಾನು ಕಿರುಚುವುದಿಲ್ಲ. ನಿನಗೆ ನನ್ನ ಅಕ್ಷರ ಗೊತ್ತು, ಸಾಲು ಓರೆಯಾಗಿದ್ದರೆ ನಿನಗೆ ಕಾಣುತ್ತದೆ ಎಂದು ಎರಡು ಸಲ ಬರೆದು ಹರಿದು ಇದನ್ನು ಬರೆಯುತ್ತಿದ್ದೇನೆ.

ಗಂಡನ ವಿಷಯ ಕೇಳುವುದಿಲ್ಲ. ಅದು ನಡೆಯುವ ಸಂಗತಿ, ನಮ್ಮಲ್ಲಿ ಮೊದಲ ಸಲವೂ ಅಲ್ಲ. ನಾನು ಕೇಳುವುದು ಆ ಎರಡನೆಯ ಹಾಳೆಯ ಉತ್ತರದ ಬಗ್ಗೆ. ನನ್ನ ತಾಯಿಯ ಹೆಸರಿನಲ್ಲಿ ಆ ಮಾತನ್ನು ಯಾಕೆ ಬರೆದೆ? ಹತ್ತು ತಿಂಗಳು ಅದರ ಮೇಲೆ ತಲೆಯಿಟ್ಟು ಮಲಗಿದ್ದೇನೆ. ನನ್ನನ್ನು ನೋಡಿ ನಗಲು ಬರೆದೆಯಾ? ಹೌದಾದರೆ ಹೌದೆನ್ನು. ಅಷ್ಟು ಸಾಕು.

ವಿದಾದ್

* * *

ಐನ್ ಹಜಲ್
3 ಮಾರ್ಚ್ 1986

ವಿದಾದ್ ಅಕ್ಕ,

ನಗಲು ಬರೆಯಲಿಲ್ಲ. ಆ ಹಾಳೆಯನ್ನು ಓದಿದ್ದರೆ ಅತ್ತೆ ಸಂಜೆಯೊಳಗೆ ಓಣಿಗೆಲ್ಲ ಕೇಳುವಂತೆ ಎದೆ ಬಡಿದುಕೊಳ್ಳುತ್ತಿದ್ದರು. ಅದಕ್ಕೇ ಓದಲಿಲ್ಲ. ನೀನು ಒಂದು ಮಾತಿಗೆ ಕಾಯುತ್ತಿದ್ದೆ. ನನಗೆ ಯಾರಾದರೂ ಏನು ಹೇಳಿದ್ದರೆ ಚೆನ್ನಾಗಿರುತ್ತಿತ್ತೋ ಅದನ್ನು ಬರೆದೆ. ಆ ದಿನ ಅದು ನಿಜವಾಗಿತ್ತು.

ಆದರೆ ನಿನ್ನ ಹಾಳೆಯನ್ನು ಸುಡಲಿಲ್ಲ. ಯಾಕೆಂದು ನನಗೂ ಗೊತ್ತಿರಲಿಲ್ಲ, ಫೆಬ್ರವರಿಯ ನಿನ್ನ ಕಾಗದ ಬರುವವರೆಗೆ.

ಹದಿಮೂರು ವರ್ಷ ನಿನ್ನ ಕಾಗದಗಳನ್ನು ಗಟ್ಟಿಯಾಗಿ ಓದಿದ್ದೇನೆ. "ಪಾಪ ಖಿತಾಮ್" ಎಂದು ನೀನು ಬರೆದದ್ದನ್ನೆಲ್ಲ ನನ್ನ ಬಾಯಿಂದಲೇ ನಿನ್ನ ತಾಯಿಗೆ ಹೇಳಿದ್ದೇನೆ. ನೀನು ಕಳುಹಿಸಿದ ಬೂಟಿನ ಒಳಗೆ ಸಮರಳ ಹೆಸರು ಬರೆದಿತ್ತು. ವಿಧುರನ ಸಂಗತಿ ಓದಿದ ದಿನ ನನ್ನಪ್ಪ ಬಾಗಿಲಲ್ಲಿ ನಿಂತಿದ್ದ. "ಒಂದು ಕಣ್ಣು ಮಸುಕಾದರೇನು" ಎಂಬಲ್ಲಿ ಅತ್ತೆ, "ಏನು, ಇನ್ನೊಂದ್ಸಲ ಓದು" ಅಂದರು. ಇನ್ನೊಂದು ಸಲ ಓದಿದೆ. ನಿನ್ನ ಅಳುವಿನ ಸಾಲುಗಳನ್ನು ಅತ್ತೆಗೆ ಓದದೆ ಬಿಟ್ಟಿದ್ದೆ, ಇದರಲ್ಲಿ ಒಂದಕ್ಷರ ಬಿಡಲಿಲ್ಲ. ಬಿಡಬಹುದಾಗಿತ್ತು, ನನಗೆ ಬಿಡುವುದೂ ಸೇರಿಸುವುದೂ ಬರುತ್ತದೆಂದು ನಿನಗೀಗ ಗೊತ್ತು. ಓದಿ ಹೇಳುವವಳಿಗೂ ಕಿವಿ ಇರುತ್ತದೆ ಎಂಬುದು ನಿನಗೆ ಒಂದು ಸಲವೂ ಹೊಳೆಯಲಿಲ್ಲ.

ಭಾವ ಭೂಮಿಯ ಕಾಗದ ಓದಿಸಲು ಕರೆಸಿದಾಗ, ಅದರ ಜೊತೆ ನಿನ್ನ ಹಾಳೆಯನ್ನೂ ಓದಿದೆ. ನಾನು ಬರೆದ ಉತ್ತರವನ್ನೂ ಹೇಳಿದೆ. ಅವರು ಭೂಮಿಯ ಕಾಗದ ಮಡಚಿ ಜೇಬಿಗಿಟ್ಟು, "ನಿನಗೆಷ್ಟು ವಯಸ್ಸು?" ಎಂದು ಕೇಳಿದರು.

ನನಗೀಗ ಆರು ತಿಂಗಳು. ಹೊಟ್ಟೆ ಚೂಪಾಗಿದೆ, ಗಂಡೇ ಎಂದು ಎಲ್ಲರೂ ಹೇಳುತ್ತಾರೆ. ನಿನ್ನ ಅತ್ತೆ ನನ್ನ ಕೈಯಲ್ಲಿ ಬಕೆಟ್ ಎತ್ತಿಸುವುದಿಲ್ಲ. ಈಗಲೇ ಉಮ್ಮ್ ದಿಯಾಬ್ ಎಂದು ಕರೆಯುತ್ತಾರೆ. ಆ ಹೆಸರಿಗೆ ಓಗೊಡುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಖಿತಾಮ್

* * *

ಬ್ರಿಜ್‌ವ್ಯೂ
27 ಏಪ್ರಿಲ್ 1986

ಯಮ್ಮಾ,

ನರ್ಸ್ ನಜ್ಮಿಯ್ಯಾ ಅವರಿಗೆ ನಮಸ್ಕಾರ. ದಯವಿಟ್ಟು ಎಲ್ಲವನ್ನೂ ಓದಿ ಹೇಳಿ.

ನಿನ್ನ ಮಾತಿನಂತೆ ಅವರು ಕಾಗದ ತಂದರು. ನಾನು ವಿಚ್ಛೇದನಕ್ಕೆ ಒಪ್ಪಿದ್ದೇನೆ ಎನ್ನುವ ಕಾಗದ. ಆಗ ಖಿತಾಮಳನ್ನು ಹೆಂಡತಿಯೆಂದು ಇಲ್ಲಿಗೆ ಕರೆಸಿಕೊಳ್ಳಬಹುದಂತೆ. "ಬರೀ ಕಾಗದದ ಮೇಲೆ, ಸರ್ಕಾರಕ್ಕೋಸ್ಕರ. ದೇವರ ಮುಂದೆ ನೀನು ಹೆಂಡತಿನೇ" ಎಂದರು. "ಅವಳು ಎಲ್ಲಿರುತ್ತಾಳೆ?" ಎಂದೆ. ನನಗೆ ನೆಲಮಾಳಿಗೆಯಲ್ಲಿ ಒಳ್ಳೆಯ ಅಡುಗೆಮನೆ ಕಟ್ಟಿಸಿಕೊಡುತ್ತಾರಂತೆ. ಕಿಟಕಿಯೂ ಇರುತ್ತದಂತೆ.

ನಾನು ರುಜು ಹಾಕಲಿಲ್ಲ. ಕಳೆದ ಶುಕ್ರವಾರ ಸಂಘದ ಏಳು ಜನ ಹಿರಿಯರು ಬಂದು ಕೂತರು. ಸಮರ್ ಕಾಫಿ ತಂದಳು. ಅಬು ಬಸ್ಸಾಮ್ ಬಟ್ಟಲನ್ನು ಮೇಜಿನ ಮೇಲಿಟ್ಟು, "ಕೇಳೋಕೆ ಬಂದಿದ್ದು ಸಿಗೋವರೆಗೆ ಈ ಕಾಫಿ ಮುಟ್ಟಲ್ಲಮ್ಮ" ಎಂದರು. ಉಳಿದವರೂ ಇಟ್ಟರು. ಹೆಣ್ಣು ಕೇಳಲು ಬಂದವರು ಹಾಗೆ ಕೂರುತ್ತಾರೆ. ಹೆಂಡತಿಯನ್ನು ಬಿಡಿಸಲು ಬಂದವರೂ ಕೂರುತ್ತಾರೆಂದು ಅವತ್ತೇ ತಿಳಿದದ್ದು.

"ಚಿಕ್ಕಪ್ಪ, ಆರಿಹೋದ್ರೆ ಕಹಿಯಾಗತ್ತೆ" ಎಂದೆ.

"ಕಹಿನೇ ಕುಡೀತೀವಿ. ನೀನು ಹೂಂ ಅನ್ನು."

"ಗಂಡು ಬೇಕು ಅಂತ ತಾನೇ ಇದೆಲ್ಲ?"

"ಅಲ್ವಾ ಮತ್ತೆ? ಹೆಸರು ಹೇಳೋಕೆ ಒಬ್ಬ ಬೇಡ್ವಾ?"

"ಹಾಗಾದ್ರೆ ಗಂಡು ಹುಟ್ಟಿದ ದಿನ ರುಜು ಹಾಕ್ತೀನಿ. ಹೆಣ್ಣಾದ್ರೆ ಈ ಕಾಗದ ಹರಿದು ಹಾಕ್ಬೇಕು, ಅವಳು ಅಲ್ಲೇ ಇರಬೇಕು. ನೀವು ಏಳು ಜನ ಸಾಕ್ಷಿ."

ಹಿರಿಯರು ಫವ್ವಾಜರ ಮುಖ ನೋಡಿದರು. ಇವರು ಜಪಸರ ತಿರುಗಿಸುತ್ತ, "ಚೂಪು ಹೊಟ್ಟೆಯಂತೆ, ಆಗ್ಲಿ" ಎಂದರು. ಎಲ್ಲರೂ ಕಾಫಿ ಕುಡಿದರು. ಆರಿದ ಕಾಫಿಯನ್ನು ಚಪ್ಪರಿಸಿಕೊಂಡು ಕುಡಿದರು.

ಅವರು ಹೋದ ಮೇಲೆ ಸಮರ್ ಬಟ್ಟಲು ತೊಳೆಯುತ್ತ ಹೇಳಿದಳು, "ಅಮ್ಮಾ, ನೀನೂ ಅವರ ಹಾಗೇ ಮಾತಾಡಿದೆ." ನನ್ನ ನಾಲ್ಕು ಮಕ್ಕಳ ಮೇಲೆ ಅವರು ಆಡಿದ ಪಂದ್ಯವನ್ನು ಇನ್ನೊಬ್ಬಳ ಮಗುವಿನ ಮೇಲೆ ನಾನು ಆಡಿದೆ. ಅದು ತಪ್ಪೆಂದು ಗೊತ್ತು. ಆದರೂ ದಿನಕ್ಕೆ ಐದು ಸಲ, ನಮಾಜಿಗೆ ತಲೆ ಬಾಗಿಸಿದಾಗಲೆಲ್ಲ, ಅದು ಹೆಣ್ಣಾಗಲಿ ಎಂದೇ ಬೇಡುತ್ತಿದ್ದೇನೆ.

ವಿದಾದ್

* * *

ಐನ್ ಹಜಲ್
19 ಜೂನ್ 1986

ಗೌರವಾನ್ವಿತ ಪತಿಯವರಾದ ಫವ್ವಾಜ್ ಅವರಿಗೆ ಖಿತಾಮ್ ಮಾಡುವ ವಂದನೆಗಳು.

ದೇವರ ದಯೆಯಿಂದ ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದೇವೆ. ಹೆರಿಗೆ ಎರಡು ದಿನ ಹಿಡಿಯಿತು. ಮಗುವಿಗೆ ನಿಮ್ಮ ಹುಬ್ಬು, ನಿಮ್ಮ ಹಣೆ. ತೂಕವೂ ಚೆನ್ನಾಗಿದೆ. ನಿಮ್ಮ ತಾಯಿಯ ಮಂಡಿ ಈಗ ವಾಸಿ. ಬಾದಾಮಿ ಈ ವರ್ಷ ಚೆನ್ನಾಗಿ ಬಂತು. ದೇವರು ನಮಗೆ ಹೆಣ್ಣುಮಗುವನ್ನು ಕೊಟ್ಟಿದ್ದಾನೆ. ನಿಮ್ಮ ಆಜ್ಞೆಗಾಗಿ ಕಾಯುತ್ತಿದ್ದೇನೆ.

ಖಿತಾಮ್

ಇದು ಬೇರೆ ಹಾಳೆ. ಅವರಿಗೆ ಓದಬೇಡ.

ವಿದಾದ್ ಅಕ್ಕ, ಮೇಲಿನ ಹಾಳೆಯನ್ನು ನೀನೇ ಓದುತ್ತೀ ಎಂದು ಗೊತ್ತು. ಇನ್ನೊಬ್ಬರಿಂದ ಓದಿಸಿದರೆ ಎರಡನೇ ಮದುವೆಯ ಸುದ್ದಿ ಸರ್ಕಾರಕ್ಕೆ ಮುಟ್ಟುತ್ತದೆಂಬ ಭಯ ಅವರಿಗೆ. ಹುಟ್ಟಿದ ಗಳಿಗೆಯಿಂದ ನಿನ್ನ ಅತ್ತೆ ನನ್ನ ಮುಖ ನೋಡಿಲ್ಲ. ಮೂರನೇ ದಿನವೇ ನನ್ನ ಹಾಸಿಗೆಯನ್ನು ಆಡಿನ ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿಸಿದರು. ಅಪ್ಪ ನನ್ನನ್ನು ವಾಪಸ್ ಕರೆಯುವುದಿಲ್ಲ, 'ಇನ್ನು ಅದೇ ನಿನ್ನ ಮನೆ' ಅನ್ನುತ್ತಾನೆ. ನಿನ್ನ ತಾಯಿ ದಾರಿಯಲ್ಲಿ ಸಿಕ್ಕಿ, "ಅಯ್ಯೋ, ಇದಕ್ಕೋಸ್ಕರನಾ ಇಷ್ಟೆಲ್ಲ ಮಾಡಿದ್ದು?" ಎಂದು ನಕ್ಕು ಹೋದರು.

ಆ ಕ್ರಮದಲ್ಲಿ ಬೇಕೆಂದೇ ಬರೆದಿದ್ದೇನೆ. ಅವರು ಚಹಾ ಕುಡಿದು ಕೂತಾಗ, ನಿಧಾನವಾಗಿ, ಆರೋಗ್ಯದಿಂದ ಶುರುಮಾಡಿ ಓದು. ನಿನಗೆ ಒಳ್ಳೆಯ ಮಾತು ಹೊಳೆದರೆ ಸೇರಿಸು. ನಾನು ನಿನಗೆ ಸೇರಿಸಿದ್ದೆ.

* * *

ಬ್ರಿಜ್‌ವ್ಯೂ
13 ಜುಲೈ 1986

ಖಿತಾಮಳಿಗೆ ಫವ್ವಾಜ್ ಹೇಳಿ ಬರೆಸಿದ್ದು.

ನಿನ್ನ ಕಾಗದ ಬಂತು. ಹೆಣ್ಣು ಅಂದ್ರೆ ನಮ್ಮನೇಲಿ ಆಗಲೇ ನಾಲ್ಕಿವೆ. ಐದನೇದಕ್ಕೆ ಅಮ್ಮಾನ್‌ವರೆಗೆ ಹೋಗಬೇಕಿತ್ತಾ ನಾನು? ಹಿರಿಯರ ಮುಂದೆ ಮಾತು ಕೊಟ್ಟಿದ್ದೆ, ಅದರಂತೆ ಇಲ್ಲಿನ ಕಾಗದ ಹರಿದು ಹಾಕಿದ್ದೀನಿ. ನೀನು ಇಲ್ಲಿಗೆ ಬರೋ ಮಾತು ಇನ್ನಿಲ್ಲ. ನಮ್ಮಮ್ಮನ ಹತ್ತಿರ ಇರು, ಅವಳು ಹೇಳಿದ ಹಾಗೆ ಕೇಳು. ಹೆಸರು ಏನಾದ್ರೂ ಇಡಿ, ಹೆಣ್ಣುಮಕ್ಕಳಿಗೆ ನಾನು ಯಾವತ್ತೂ ಹೆಸರಿಟ್ಟಿಲ್ಲ. ಮತ್ತೆ ಮತ್ತೆ ಕಾಗದ ಬರೀಬೇಡ. ಹೇಳೋದಿದ್ರೆ ನಮ್ಮಮ್ಮನಿಗೆ ಹೇಳು, ಯಾರಾದ್ರೂ ಬರೋರ ಹತ್ತಿರ ಅವಳು ಹೇಳಿ ಕಳಿಸ್ತಾಳೆ.

ಫವ್ವಾಜ್

ಬರೆದವಳ ಟಿಪ್ಪಣಿ: ಖಿತಾಮ್, ನೀನು ಹೇಳಿದಂತೆ ಎರಡನೆಯ ಹಾಳೆಯನ್ನು ಅವರಿಗೆ ಓದಲಿಲ್ಲ. ಮೊದಲನೆಯದನ್ನು ನೀನು ಬರೆದ ಕ್ರಮದಲ್ಲಿ ಓದಲಿಲ್ಲ. ಅವರು ಅಂಗಡಿಯಿಂದ ಬಂದು ಬೂಟಿನ ದಾರ ಬಿಚ್ಚುತ್ತಿದ್ದರು. ಹೆಣ್ಣು ಎಂಬಲ್ಲಿಂದ ಶುರುಮಾಡಿದೆ. ನಿನ್ನ ಆರೋಗ್ಯದ ಸಾಲಿಗೆ ಬರುವ ಹೊತ್ತಿಗೆ ಅವರು ಎದ್ದು ಹೋಗಿದ್ದರು.

ಉತ್ತರವನ್ನು ಅವರು ಎರಡು ದಿನದ ಮೇಲೆ ಹೇಳಿದರು. ಮೇಲಿರುವುದೆಲ್ಲ ಅವರದೇ ಮಾತು, ನಾನು ಒಂದಕ್ಷರ ಸೇರಿಸಿಲ್ಲ. ಬರೆದು ಮುಗಿಸಿ ಪೆನ್ನು ಮುಚ್ಚುವಾಗ ಬಾಗಿಲ ಹತ್ತಿರ ನಿಂತು ನಿನಗೆಂದು ಇನ್ನೊಂದು ಮಾತು ಹೇಳಿ, "ಅದನ್ನೂ ಹಾಕು" ಎಂದರು. ಒಳ್ಳೆಯ ಮಾತು. ಹದಿನಾರು ವರ್ಷದಲ್ಲಿ ಅವರು ನನಗೆ ಅಂಥದ್ದನ್ನು ಹೇಳಿಲ್ಲ.

ಅದನ್ನು ನಾನು ಬರೆದಿಲ್ಲ.

ವಿದಾದ್